ಕುಲವಿಲ್ಲದವನ ವೇಷ ತೊಟ್ಟ ಆಮೆಗಳು

1993ರಲ್ಲಿ ಪ್ಲೇಮೇಟ್ಸ್ ಎಂಬ ಆಟಿಕೆ ಕಂಪನಿ ಅಮೆರಿಕದ ಅಂಗಡಿಗಳಿಗೆ ನಾಲ್ಕು ಹೊಸ ಗೊಂಬೆಗಳನ್ನು ತಂದಿತು. ನಾಲ್ಕೂ ಆಮೆಗಳು. ಒಂದರ ತಲೆ ಚಪ್ಪಟೆ, ಹಣೆಯ ಮೇಲೆ ಹೊಲಿಗೆ. ಇನ್ನೊಂದರ ಮೈಗೆಲ್ಲ ಬಟ್ಟೆಯ ಪಟ್ಟಿ ಸುತ್ತಿದೆ. ಮೂರನೆಯದು ಬೆನ್ನಿಗೆ ಮೇಲಂಗಿ ಇಳಿಬಿಟ್ಟಿದೆ. ನಾಲ್ಕನೆಯದರ ಅಂಗಿ ಹರಿದಿದೆ, ಮೈಯಲ್ಲಿ ತೋಳದ ರೋಮ ಎದ್ದಿದೆ. ‘ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್’ ಕಾರ್ಟೂನಿನ ನಾಲ್ವರು ನಾಯಕರಿಗೆ ಯೂನಿವರ್ಸಲ್ ಸ್ಟುಡಿಯೋದ ಹಳೆಯ ಭಯಾನಕ ಚಿತ್ರಗಳ ನಾಲ್ಕು ಪಾತ್ರಗಳ ವೇಷ ಕಟ್ಟಿದ ಸರಣಿಯಿದು. ಮೈಕೆಲೇಂಜೆಲೋ ಫ್ರಾಂಕೆನ್‌ಸ್ಟೈನ್ ಆಗಿದ್ದಾನೆ, ರಾಫೆಲ್ ಮಮ್ಮಿ, ಡೊನಾಟೆಲ್ಲೋ ಡ್ರಾಕುಲಾ, ಲಿಯೊನಾರ್ಡೋ ತೋಳಮಾನವ.

ಮಕ್ಕಳ ಕತೆಗಳಲ್ಲಿ ಬರುವ ಭಯಾನಕ ಜೀವಿಗಳ ಬಗ್ಗೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಅಮೆರಿಕದಲ್ಲಿ ಬೆಳೆದ ನನ್ನ ಸೋದರತ್ತೆಯ ಮಗ ತನ್ನ ಹಳೆಯ ಆಟಿಕೆಗಳ ಡಬ್ಬದಿಂದ ಈ ನಾಲ್ಕನ್ನು ಆರಿಸಿ ತಂದುಕೊಟ್ಟ ಮೇಲೆ ಕೆಲವು ತಿಂಗಳು ಅವು ನನ್ನ ಓದುವ ಮೇಜಿನ ಮೇಲೇ ಇದ್ದವು. ಇವುಗಳ ಬಗ್ಗೆ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದಾಗ, ಇದು ಗೊಂಬೆಯಂಗಡಿಯವರು ಮಾತಾಡಬೇಕಾದ ವಿಷಯ, ಸಾಹಿತ್ಯ ವಿಭಾಗಕ್ಕೆ ಇದರಲ್ಲೇನು ಕೆಲಸ ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದರೆ ಗೊಂಬೆಗಳನ್ನು ಮುದ್ದು ಮಾಡುವುದನ್ನೂ ಹೀಗಳೆಯುವುದನ್ನೂ ಬಿಟ್ಟು, ಒಂದು ಪುಸ್ತಕವನ್ನು ವಿಮರ್ಶಿಸುವಷ್ಟೇ ನಿಷ್ಠುರವಾಗಿ ನೋಡಬೇಕು.

ಮೊದಲು ಇವುಗಳ ವಂಶಾವಳಿ. ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಇಬ್ಬರು ಚಿತ್ರಕಾರರು 1984ರಲ್ಲಿ ಸ್ವಂತ ದುಡ್ಡು ಹಾಕಿ ಒಂದು ಕಪ್ಪುಬಿಳುಪು ಕಾಮಿಕ್ ಅಚ್ಚು ಹಾಕಿಸಿದರು. ಮೊದಲ ಮುದ್ರಣ ಸುಮಾರು 3,000 ಪ್ರತಿ. ಆಗಿನ ಸೂಪರ್‌ಹೀರೋ ಕಾಮಿಕ್‌ಗಳ ಗೇಲಿಯಾಗಿ ಹುಟ್ಟಿದ ಆ ಕತೆ ಮಕ್ಕಳಿಗಾಗಿ ಬರೆದದ್ದಲ್ಲ. ಅದರಲ್ಲಿ ರಕ್ತವಿತ್ತು, ಮೊದಲ ಸಂಚಿಕೆಯಲ್ಲೇ ಖಳನಾಯಕ ಸಾಯುತ್ತಾನೆ. ಪ್ಲೇಮೇಟ್ಸ್ ಅದರ ಗೊಂಬೆ ಮಾಡಲು ಮುಂದೆ ಬಂದಾಗ ಜೊತೆಗೊಂದು ಟಿವಿ ಕಾರ್ಟೂನ್ ಇರಲೇಬೇಕೆಂದಿತು. 1987ರ ಡಿಸೆಂಬರಿನಲ್ಲಿ ಐದು ಕಂತುಗಳ ಕಾರ್ಟೂನ್ ಬಂತು, 1988ರಲ್ಲಿ ಗೊಂಬೆಗಳು ಬಂದವು. ಶತ್ರುವಿನ ಸೈನಿಕರು ಕಾರ್ಟೂನಿನಲ್ಲಿ ರೋಬೋಗಳಾದರು, ಏಕೆಂದರೆ ಮಕ್ಕಳ ಮುಂದೆ ರೋಬೋವನ್ನು ಕತ್ತರಿಸಬಹುದು, ಮನುಷ್ಯನನ್ನು ಕತ್ತರಿಸುವಂತಿಲ್ಲ. ಆಮೆಗಳಿಗೆ ಪಿಜ್ಜಾ ಚಟ ಅಂಟಿತು. ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಕಣ್ಣುಪಟ್ಟಿ, ಒಂದೊಂದು ಸ್ವಭಾವ ನಿಗದಿಯಾಯಿತು. ಲಿಯೊನಾರ್ಡೋ ಶಿಸ್ತಿನ ನಾಯಕ, ಡೊನಾಟೆಲ್ಲೋ ಯಂತ್ರಗಳ ಪಂಡಿತ, ರಾಫೆಲ್ ಒರಟು ಮಾತಿನವ, ಮೈಕೆಲೇಂಜೆಲೋ ಕುಣಿದು ಕುಪ್ಪಳಿಸುವವ. ಅಂಗಡಿಯಲ್ಲಿ ಮಗು ಯಾವುದನ್ನು ಕೈಗೆತ್ತಿಕೊಂಡರೂ ಅದು ಯಾರೆಂದು ಕೂಡಲೇ ತಿಳಿಯಬೇಕು.

ಇನ್ನೊಂದು ಕಡೆಯ ವಂಶ ಇದಕ್ಕಿಂತ ಹಳೆಯದು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ 1818ರ ಕಾದಂಬರಿ, ಬ್ರಾಮ್ ಸ್ಟೋಕರನ ‘ಡ್ರಾಕುಲಾ’ 1897ರದ್ದು. ಯೂನಿವರ್ಸಲ್ ಸಂಸ್ಥೆ 1931ರಲ್ಲಿ ಎರಡನ್ನೂ ಚಿತ್ರ ಮಾಡಿತು. 1932ರಲ್ಲಿ ‘ದಿ ಮಮ್ಮಿ’, 1941ರಲ್ಲಿ ‘ದಿ ವುಲ್ಫ್ ಮ್ಯಾನ್’ ಬಂದವು. ಇವುಗಳ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್. ಚಪ್ಪಟೆ ತಲೆ, ಕುತ್ತಿಗೆಯ ಬೋಲ್ಟು, ಜೋತ ಕಣ್ಣುರೆಪ್ಪೆ ಇವೆಲ್ಲ ಅವನ ಕೈಗೆಲಸ. ಮೇರಿ ಶೆಲ್ಲಿ ಬರೆದ ಜೀವಿಗೆ ಹಳದಿ ಚರ್ಮ, ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಹಲ್ಲು, ಎಂಟಡಿ ಎತ್ತರ. ಇವತ್ತು ಫ್ರಾಂಕೆನ್‌ಸ್ಟೈನ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪಿಯರ್ಸ್ ಕಟ್ಟಿದ ಮುಖವೇ. ಎಂಟಡಿಯವನು ಈಗ ಅಂಗೈಯ ಮೇಲೆ ನಿಲ್ಲುತ್ತಾನೆ. ಚಿತ್ರ ಕಪ್ಪುಬಿಳುಪಾದ್ದರಿಂದ ಪರದೆಯಲ್ಲಿ ಕಾಣದ ಹಸಿರು ಬಣ್ಣ ಮುಂದೆ ಪೋಸ್ಟರು, ಮುಖವಾಡ, ಆಟಿಕೆಗಳಲ್ಲಿ ಅವನ ಗುರುತೇ ಆಗಿಹೋಯಿತು. ಆಮೆ ಹುಟ್ಟಿನಿಂದಲೇ ಹಸಿರು; ಗೊಂಬೆ ಮಾಡಿದವರಿಗೆ ಅರ್ಧ ಕೆಲಸ ಅಲ್ಲಿಗೇ ಮುಗಿದಿತ್ತು.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ‘ಮಾನ್‌ಸ್ಟರ್’ ಎಂಬುದಕ್ಕೆ ಕನ್ನಡದಲ್ಲಿ ನಾವು ಸಾಮಾನ್ಯವಾಗಿ ‘ರಾಕ್ಷಸ’ ಎನ್ನುತ್ತೇವೆ. ಈ ಪ್ರಬಂಧ ಬರೆಯುವಾಗ ನನ್ನನ್ನು ಹೆಚ್ಚು ಕಾಡಿದ್ದು ಈ ಅನುವಾದ. ನಮ್ಮ ರಾಕ್ಷಸನಿಗೆ ಕುಲವಿದೆ. ರಾವಣನಿಗೆ ತಾಯಿ ಇದ್ದಾಳೆ, ತಮ್ಮಂದಿರಿದ್ದಾರೆ, ತಂಗಿಯ ಅವಮಾನಕ್ಕೆ ಸೇಡು ತೀರಿಸುವ ಹಟವಿದೆ, ಮಗ ಸತ್ತಾಗ ಅಳುವ ಎದೆಯಿದೆ. ಹಿಡಿಂಬೆ ಮದುವೆಯಾಗುತ್ತಾಳೆ, ಘಟೋತ್ಕಚ ಅಪ್ಪನ ಕಡೆಯವರಿಗಾಗಿ ಪ್ರಾಣ ಕೊಡುತ್ತಾನೆ. ಮೇರಿ ಶೆಲ್ಲಿಯ ಜೀವಿಗೆ ಇದೊಂದೂ ಇಲ್ಲ. ಅವನಿಗೆ ಹೆಸರೂ ಇಲ್ಲ. ಅವನ ಜಾತಿಯಲ್ಲಿ ಅವನೊಬ್ಬನೇ. ತನಗೊಬ್ಬಳು ಸಂಗಾತಿಯನ್ನು ಮಾಡಿಕೊಡು ಎಂದು ಬೇಡುತ್ತಾನೆ. ವಿಕ್ಟರ್ ಒಪ್ಪಿ, ಅರ್ಧ ಮಾಡಿ, ಕಣ್ಣೆದುರೇ ಹರಿದು ಹಾಕುತ್ತಾನೆ. ಆ ಪುಸ್ತಕದ ಭಯವೆಲ್ಲ ಈ ಒಂಟಿತನದಲ್ಲಿದೆ. ಹಾಗಾಗಿ ಇಲ್ಲಿ ‘ಮಾನ್‌ಸ್ಟರ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಕುಲವುಳ್ಳವನ ಹೆಸರನ್ನು ಕುಲವಿಲ್ಲದವನಿಗೆ ಕೊಡಲು ಮನಸ್ಸು ಬರಲಿಲ್ಲ.

ಈ ಗೊಂಬೆಗಳ ಬಗ್ಗೆ ನನ್ನ ಮುಖ್ಯ ಮಾತು ಇಲ್ಲಿಂದ ಹೊರಡುತ್ತದೆ. ನಿಂಜಾ ಆಮೆಗಳೂ ಮಾನ್‌ಸ್ಟರ್‌ಗಳೇ. ಹಸಿರು ದ್ರವ ತಾಗಿ ರೂಪ ಕೆಟ್ಟವರು, ನ್ಯೂಯಾರ್ಕಿನ ಚರಂಡಿಯ ಕೆಳಗೆ ಅಡಗಿ ಬದುಕುವವರು, ಹಗಲಲ್ಲಿ ಹೊರಬಂದರೆ ಜನ ಕಿರುಚುತ್ತಾರೆ. ಅಂದರೆ ಇದು ಮಾನ್‌ಸ್ಟರ್ ಮೇಲೆ ಕಟ್ಟಿದ ಮಾನ್‌ಸ್ಟರ್ ವೇಷ. ಒಳಗಿರುವವನಿಗೂ ಹೊರಗಿರುವವನಿಗೂ ಏನು ಸಂಬಂಧ ಎಂದು ಕೇಳದೆ ಈ ಸರಣಿಯನ್ನು ವಿಮರ್ಶಿಸಲಾಗದು.

ಮೈಕೆಲೇಂಜೆಲೋವನ್ನು ತೆಗೆದುಕೊಳ್ಳಿ. ನಾಲ್ವರಲ್ಲಿ ಅತ್ಯಂತ ಉಲ್ಲಾಸದ ಹುಡುಗನಿಗೆ ಸಾಹಿತ್ಯದಲ್ಲೇ ಅತ್ಯಂತ ದುಃಖಿಯಾದವನ ಮುಖ ಕೊಟ್ಟಿದ್ದಾರೆ. ಮೇಲ್ನೋಟಕ್ಕೆ ತಪ್ಪು ಪಾತ್ರ ಹಂಚಿಕೆ. ಯಂತ್ರ ಬಲ್ಲ ಡೊನಾಟೆಲ್ಲೋಗೆ ಪ್ರಯೋಗಶಾಲೆಯ ಕತೆ ಹೆಚ್ಚು ಒಪ್ಪುತ್ತಿತ್ತು ಎನಿಸುತ್ತದೆ. ಆದರೆ ಡೊನಾಟೆಲ್ಲೋ ಹೋಲುವುದು ಮಾಡಿದವನನ್ನು, ಮಾಡಲ್ಪಟ್ಟವನನ್ನಲ್ಲ. ಹೆಸರಿನಲ್ಲೇ ಗೊಂದಲವಿದೆ: ಫ್ರಾಂಕೆನ್‌ಸ್ಟೈನ್ ಎಂಬುದು ವಿಜ್ಞಾನಿಯ ಹೆಸರು. ಲೋಕ ಅದನ್ನು ಅವನ ಸೃಷ್ಟಿಗೆ ಅಂಟಿಸಿ ಬಹಳ ಕಾಲವಾಯಿತು, ಗೊಂಬೆಯೂ ಅದೇ ದಾರಿ ಹಿಡಿದಿದೆ. 1931ರ ಚಿತ್ರದ ಆರಂಭದ ಪಾತ್ರವರ್ಗದಲ್ಲಿ ಈ ಜೀವಿಯ ಎದುರು ನಟ ಬೋರಿಸ್ ಕಾರ್ಲಾಫನ ಹೆಸರಿನ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಯಿತ್ತು. ಕುತೂಹಲ ಹುಟ್ಟಿಸಲು ಮಾಡಿದ ತಂತ್ರವಾದರೂ ಪುಸ್ತಕಕ್ಕೆ ಅದು ಎಷ್ಟು ನಿಷ್ಠವಾಗಿದೆ! ಹೆಸರಿಲ್ಲದವನಿಗೆ ಸಲ್ಲಬೇಕಾದ ಗುರುತು ಅದೇ.

ಆದರೂ ನಾಲ್ಕರಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಈ ಗೊಂಬೆಯೇ. ಕಾರಣ, ಎರಡು ಕತೆಗಳಲ್ಲೂ ಬರುವ ಸಿಕ್ಕಿದ ಪುಸ್ತಕ. ಮೇರಿ ಶೆಲ್ಲಿಯ ಜೀವಿಗೆ ಕಾಡಿನಲ್ಲಿ ಒಂದು ಚರ್ಮದ ಪೆಟ್ಟಿಗೆ ಸಿಗುತ್ತದೆ. ಅದರಲ್ಲಿ ಮಿಲ್ಟನ್, ಪ್ಲುಟಾರ್ಕ್, ಗಯಟೆಯರ ಪುಸ್ತಕಗಳಿರುತ್ತವೆ. ಗುಡಿಸಲಿನ ಸಂದಿಯಿಂದ ಒಂದು ಕುಟುಂಬವನ್ನು ನೋಡುತ್ತ ಮಾತು ಕಲಿತವನು, ಈ ಪುಸ್ತಕಗಳಿಂದ ತಾನು ಯಾರೆಂದು ತಿಳಿಯಲು ಹೊರಡುತ್ತಾನೆ. ಮಿಲ್ಟನ್‌ನನ್ನು ಓದಿ, ಆದಮನಿಗೆ ಸೃಷ್ಟಿಕರ್ತನಿದ್ದ, ನನಗೆ ಯಾರಿದ್ದಾರೆ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತಾನೆ. ಈಸ್ಟ್‌ಮನ್ ಮತ್ತು ಲೇರ್ಡ್‌ರ ಮೊದಲ ಕಾಮಿಕ್‌ನಲ್ಲಿಯೂ ಮಳೆನೀರಿನ ಚರಂಡಿಯಲ್ಲಿ ಹರಕು ಪುಸ್ತಕವೊಂದು ಸಿಗುತ್ತದೆ, ಯುರೋಪಿನ ಪುನರುಜ್ಜೀವನ ಕಾಲದ ಕಲೆಯ ಬಗ್ಗೆ. ಆದರೆ ಅದು ಸಿಗುವುದು ಆಮೆಗಳಿಗಲ್ಲ, ಅವನ್ನು ಸಾಕಿದ ಮುದಿ ಇಲಿ ಸ್ಪ್ಲಿಂಟರನಿಗೆ. ಅವನು ಅದರಿಂದ ನಾಲ್ಕು ಹೆಸರು ಆರಿಸಿ ಮಕ್ಕಳಿಗಿಡುತ್ತಾನೆ. ಒಂದು ಕತೆಯಲ್ಲಿ ಪುಸ್ತಕ ಅನಾಥನಿಗೆ ಅವನ ಅನಾಥತನವನ್ನು ತೋರಿಸಿಕೊಟ್ಟರೆ, ಇನ್ನೊಂದರಲ್ಲಿ ಅಪ್ಪನೊಬ್ಬ ಅದರಿಂದ ನಾಮಕರಣ ಮಾಡುತ್ತಾನೆ. ಇಬ್ಬರು ಕಾಮಿಕ್ ಚಿತ್ರಕಾರರು ಮೇರಿ ಶೆಲ್ಲಿಯನ್ನು ನೆನೆದು ಇದನ್ನು ಬರೆದರು ಎಂದು ನಾನು ವಾದಿಸುತ್ತಿಲ್ಲ. ಎರಡೂ ಕತೆಗಳು ಒಂದೇ ಜಾಗಕ್ಕೆ ಬಂದು ಬೇರೆ ಬೇರೆ ದಾರಿ ಹಿಡಿದವು ಎನ್ನುವುದಷ್ಟೇ ನನ್ನ ಮಾತು.

ಕಾರ್ಟೂನು ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಕಾಮಿಕ್‌ನಲ್ಲಿ ಸ್ಪ್ಲಿಂಟರ್ ಹಮಾಟೊ ಯೋಶಿ ಎಂಬ ಜಪಾನೀ ಗುರುವಿನ ಸಾಕು ಇಲಿ. ಕಾರ್ಟೂನಿನಲ್ಲಿ ಯೋಶಿಯೇ ಸ್ಪ್ಲಿಂಟರ್. ದೇಶ ಬಿಟ್ಟು ಬಂದು ಚರಂಡಿಯಲ್ಲಿ ಇಲಿಗಳ ನಡುವೆ ದಿನ ದೂಡುತ್ತಿದ್ದವನು. ಆ ದ್ರವ ತಾಗಿದಾಗ, ಮನುಷ್ಯನ ಸಂಗದಲ್ಲಿದ್ದ ಆಮೆಗಳು ಮನುಷ್ಯರಂತಾಗುತ್ತವೆ, ಇಲಿಗಳ ಸಂಗದಲ್ಲಿದ್ದ ಮನುಷ್ಯ ಇಲಿಯಾಗುತ್ತಾನೆ. ಮಕ್ಕಳ ಕಾರ್ಟೂನಿನ ತರ್ಕ, ನಕ್ಕು ಬಿಡಬಹುದು. ಆದರೆ ಅದರ ಪಕ್ಕದಲ್ಲಿ ವಿಕ್ಟರ್ ಫ್ರಾಂಕೆನ್‌ಸ್ಟೈನನನ್ನು ನಿಲ್ಲಿಸಿ ನೋಡಿ. ತಾನು ಮಾಡಿದ ಜೀವಿ ಕಣ್ಣು ಬಿಟ್ಟ ಕ್ಷಣವೇ ಕೋಣೆ ಬಿಟ್ಟು ಓಡಿಹೋದವನು ಅವನು. ಕೊನೆಯವರೆಗೂ ಸುಂದರ ಮನುಷ್ಯನಾಗಿಯೇ ಉಳಿದ. ಯೋಶಿ ಓಡಲಿಲ್ಲ. ಮಕ್ಕಳ ಜೊತೆ ತನ್ನ ರೂಪವನ್ನೂ ಕಳೆದುಕೊಂಡು, ಅದೇ ಕತ್ತಲಲ್ಲಿ ಕೂತು, ವಿದ್ಯೆ ಕಲಿಸಿ ಬೆಳೆಸಿದ. ಮೈಕೆಲೇಂಜೆಲೋ ಕುಣಿಯುವುದು ಇದರಿಂದ. ಅವನಿಗೂ ಆ ಹೆಸರಿಲ್ಲದ ಜೀವಿಗೂ ಹುಟ್ಟಿನಲ್ಲಿ ಹೆಚ್ಚು ಅಂತರವಿಲ್ಲ. ಒಬ್ಬನ ಅಪ್ಪ ಉಳಿದ, ಇನ್ನೊಬ್ಬನ ಅಪ್ಪ ಹೋದ. ನಗುವ ಆಮೆಯ ಹಣೆಯ ಮೇಲಿನ ಆ ಹೊಲಿಗೆಯನ್ನು ನಾನು ಹೀಗೆ ಓದುತ್ತೇನೆ: ಸ್ಪ್ಲಿಂಟರ್ ಇಲ್ಲದಿದ್ದರೆ ಈ ಹುಡುಗ ಏನಾಗಿರುತ್ತಿದ್ದ ಎಂಬುದರ ಚಿತ್ರ ಅದು.

ಲಿಯೊನಾರ್ಡೋ–ತೋಳಮಾನವ ಜೋಡಿಯ ವಿಷಯದಲ್ಲಿ ಇಷ್ಟು ದೂರ ಸುತ್ತಬೇಕಿಲ್ಲ. ಪಾತ್ರ ಹಂಚಿಕೆಯಲ್ಲಿ ಇದೇ ಅತ್ಯುತ್ತಮ. ನಾಲ್ವರಲ್ಲಿ ತನ್ನನ್ನು ತಾನು ಅತಿ ಬಿಗಿಯಾಗಿ ಹಿಡಿದಿಟ್ಟುಕೊಂಡವನಿಗೆ, ಹುಣ್ಣಿಮೆಯ ರಾತ್ರಿ ಹಿಡಿತ ತಪ್ಪುವವನ ವೇಷ. ಹರಿದ ಅಂಗಿಯ ಕೆಳಗೆ ಆ ಶಿಸ್ತಿನ ಮೈ ಇನ್ನೂ ಕಾಣುತ್ತದೆ, ಒಳಗಿನದು ಹೊರಗಿನದನ್ನು ಒಡೆದು ಬರುತ್ತಿದೆ ಎನಿಸುತ್ತದೆ. 1941ರ ಚಿತ್ರದ ಹಿಂದೆ ಪ್ರಸಿದ್ಧ ಕಾದಂಬರಿ ಯಾವುದೂ ಇಲ್ಲ. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಕರ್ಟ್ ಸಿಯೋಡ್ಮಕ್ ಅದರ ಚಿತ್ರಕತೆ ಬರೆದ. ಲಾನ್ ಚೇನಿ ಜೂನಿಯರ್ ನಟಿಸಿದ ಲ್ಯಾರಿ ಟಾಲ್ಬಟ್ ಬಹಳ ವರ್ಷಗಳ ನಂತರ ಅಪ್ಪನ ಮನೆಗೆ ಮರಳಿ ಬಂದ ಮಗ. ಕೊನೆಯಲ್ಲಿ ಬೆಳ್ಳಿ ಹಿಡಿಯ ಕೋಲಿನಿಂದ ಆ ತೋಳವನ್ನು ಹೊಡೆದು ಕೊಲ್ಲುವುದು ಅಪ್ಪನೇ. ಸತ್ತ ಮೇಲೆ ರೋಮ ಮಾಯವಾಗಿ ಮಗನ ಮುಖ ಕಾಣುತ್ತದೆ. ತೊರೆದ ಅಪ್ಪನ ಕತೆಯಾದ ಮೇಲೆ ಗುರುತಿಸದ ಅಪ್ಪನ ಕತೆ. ನಾಲ್ವರಲ್ಲಿ ಅಪ್ಪನ ಮಾತನ್ನು ಚಾಚೂ ತಪ್ಪದೆ ಪಾಲಿಸುವ ಲಿಯೊನಾರ್ಡೋಗೇ ಈ ವೇಷ ಬಂದಿರುವುದು ನನಗಂತೂ ನಡುಕ ಹುಟ್ಟಿಸಿತು.

ರಾಫೆಲ್ ಮಮ್ಮಿಯಾದದ್ದರಲ್ಲಿ ಅಂಥ ಆಳವಿಲ್ಲ, ಆದರೆ ಒಂದು ಸ್ವಾರಸ್ಯವಿದೆ. 1932ರ ಚಿತ್ರದಲ್ಲಿ ಕಾರ್ಲಾಫ್ ಬಟ್ಟೆಪಟ್ಟಿ ಸುತ್ತಿಕೊಂಡು ಕಾಣುವುದು ಆರಂಭದ ಕೆಲವೇ ನಿಮಿಷ. ಉಳಿದ ಚಿತ್ರದುದ್ದಕ್ಕೂ ಅವನು ನಿಲುವಂಗಿ, ಟೋಪಿ ಧರಿಸಿದ ಮೆಲುಮಾತಿನ ಈಜಿಪ್ಟಿನವ. ಸತ್ತ ಪ್ರೇಯಸಿಯನ್ನು ಬದುಕಿಸಲು ಹೋಗಿ ಜೀವಂತ ಹೂಳಲ್ಪಟ್ಟ ಪುರೋಹಿತನೊಬ್ಬ ಸಾವಿರಾರು ವರ್ಷಗಳ ನಂತರವೂ ಅವಳನ್ನೇ ಹುಡುಕುವ ವಿರಹದ ಕತೆ ಅದು. ಗೊಂಬೆ ನೆನಪಿಟ್ಟುಕೊಂಡದ್ದು ಬಟ್ಟೆಪಟ್ಟಿಯನ್ನು, ಮರೆತದ್ದು ವಿರಹವನ್ನು. ಗೊಂಬೆಗೆ ಮೈ ಮಾತ್ರ ಇರುವುದರಿಂದ ಮೈಯ ಮೇಲೆ ಬರೆಯಲಾಗುವುದಷ್ಟೇ ಅದಕ್ಕೆ ದಕ್ಕುತ್ತದೆ. ಇದನ್ನು ದೋಷ ಎನ್ನಲಾರೆ, ಮಾಧ್ಯಮದ ಮಿತಿ.

ಡೊನಾಟೆಲ್ಲೋ–ಡ್ರಾಕುಲಾ ಮಾತ್ರ ಸೋತಿದೆ. ಡ್ರಾಕುಲಾ ಕೌಂಟ್, ಕೋಟೆಯುಳ್ಳವನು, ವಂಶದ ಹೆಮ್ಮೆಯವನು, ಹೊಸ ರಕ್ತಕ್ಕಾಗಿ ಲಂಡನ್ನಿಗೆ ಬಂದು ಮನೆ ಕೊಳ್ಳುವ ಜಮೀನ್ದಾರ. ಚರಂಡಿಯಲ್ಲಿ ಹಾಳು ಯಂತ್ರಗಳನ್ನು ಜೋಡಿಸುವ ಹುಡುಗನಿಗೂ ಅವನಿಗೂ ಯಾವ ಮಾತುಕತೆಯೂ ಇಲ್ಲ. ಬೆಲಾ ಲುಗೋಸಿಯ ಡ್ರಾಕುಲಾ ಹೆದರಿಸಿದ್ದು ನಿಧಾನದ ಮಾತಿನಿಂದ, ನೆಟ್ಟ ನೋಟದಿಂದ. 1931ರ ಚಿತ್ರದಲ್ಲಿ ಅವನ ಕೋರೆಹಲ್ಲು ಒಮ್ಮೆಯೂ ಕಾಣುವುದಿಲ್ಲ. ಆ ಮೌನದ ಗಾಂಭೀರ್ಯ ಅಗಲ ಬಾಯಿಯ ಆಮೆಯ ಮೇಲೆ ಕೂರುವುದಿಲ್ಲ. ಇಲ್ಲಿ ಮೇಲಂಗಿ ಮೇಲಂಗಿಯಾಗಿಯೇ ಉಳಿದಿದೆ.

ಈಗ ಆ ಹಿರಿಯರ ಪ್ರಶ್ನೆ. ಇದೆಲ್ಲ ನನ್ನ ಕಲ್ಪನೆಯಲ್ಲವೇ? ಕಂಪನಿಗೆ ಬೇಕಾಗಿದ್ದದ್ದು ಮಾರಾಟ. ಅದೇ ಆಮೆಗಳನ್ನು ಎಷ್ಟು ಸಲ ಮಾರಲಾದೀತು? ಆದ್ದರಿಂದ ವೇಷ ಬದಲಿಸುತ್ತ ಹೋದರು. 1984ರಲ್ಲಿ ಅಮೆರಿಕದ ಸರಕಾರ ಟಿವಿ ಜಾಹೀರಾತಿನ ಮೇಲಿನ ಮಿತಿಗಳನ್ನು ಸಡಿಲಿಸಿದ ಮೇಲೆ, ಗೊಂಬೆಗಾಗಿಯೇ ಕಾರ್ಟೂನು ಹುಟ್ಟುವ ಕಾಲ ಬಂದಿತ್ತು. ಯಾರು ಯಾವ ವೇಷ ತೊಡಬೇಕೆಂದು ಕಂಪನಿಯಲ್ಲಿ ಕೂತು ನಿರ್ಧರಿಸಿದವರು ಮಿಲ್ಟನ್‌ನನ್ನು ನೆನೆದಿರಲಿಕ್ಕಿಲ್ಲ. ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇನ್ನೂ ಒಂದನ್ನು ಸೇರಿಸುತ್ತೇನೆ: ಮಾರಾಟದ ತರ್ಕವು ಮಾನ್‌ಸ್ಟರ್ ಕತೆಯ ತಿರುಳನ್ನೇ ಕಿತ್ತುಹಾಕುತ್ತದೆ. ಒಂಟಿಯಾಗಿರುವುದೇ ಮಾನ್‌ಸ್ಟರ್‌ನ ದುಃಖ. ಗೊಂಬೆಯಾದರೋ ನಾಲ್ಕರ ಗುಂಪಿನಲ್ಲಿ ಬರುತ್ತದೆ. ಒಂದನ್ನು ಕೊಂಡ ಮಗುವಿಗೆ ಉಳಿದ ಮೂರೂ ಬೇಕೆನಿಸಬೇಕು. ಹೀಗೆ ಬರುವ ಜೀವಿಗೆ ಒಂಟಿತನ ಎಲ್ಲಿಂದ ಬರಬೇಕು?

ಆದರೆ ಇದೇ ಕಾರಣಕ್ಕೆ ವಿಮರ್ಶೆಗೆ ಇಲ್ಲಿ ಕೆಲಸವಿದೆ. ಬರೆದವನ ಉದ್ದೇಶಕ್ಕೆ ಅರ್ಥ ಕಟ್ಟುಬಿದ್ದಿಲ್ಲ ಎಂದು ಎಂ.ಎ. ತರಗತಿಯಲ್ಲಿ ನಮಗೆ ಕಲಿಸುತ್ತಾರೆ. ಕಾವ್ಯದ ಮಟ್ಟಿಗೆ ಅದನ್ನು ಒಪ್ಪಿ, ಅಂಗಡಿಯ ಸರಕಿನ ಎದುರು ಮಾತ್ರ ಉದ್ದೇಶದ ಲೆಕ್ಕ ಕೇಳುವುದು ಸರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಕೋಟಿಗಟ್ಟಲೆ ಮಕ್ಕಳಿಗೆ ಮೇರಿ ಶೆಲ್ಲಿಯ ಮೊದಲ ಪರಿಚಯ ಆಗುವುದು ಇಂಥ ಮುಖವಾಡ, ಕಾರ್ಟೂನು, ಆಟಿಕೆಗಳಿಂದಲೇ. ಪುಸ್ತಕ ಕೈಗೆ ಬರುವ ಹೊತ್ತಿಗೆ ಆ ಚಪ್ಪಟೆ ತಲೆ ಒಳಗೆ ಕೂತಾಗಿರುತ್ತದೆ. ಅದು ಏನನ್ನು ದಾಟಿಸಿತು, ಏನನ್ನು ದಾರಿಯಲ್ಲಿ ಬೀಳಿಸಿತು ಎಂದು ತಿಳಿಯುವುದು ಸಾಹಿತ್ಯ ಓದುವವರದೇ ಕೆಲಸ. ಹೊಲಿಗೆಯನ್ನು ದಾಟಿಸಿತು, ಅಂದರೆ ಈ ಮೈ ತುಂಡುಗಳಿಂದ ಆದದ್ದು ಎಂಬ ಸತ್ಯವನ್ನು. ತೊರೆದುಹೋದವನನ್ನು ಬೀಳಿಸಿತು. ಪೊಟ್ಟಣದಲ್ಲಿ ಮಾನ್‌ಸ್ಟರ್ ಇದ್ದಾನೆ, ಅವನನ್ನು ಮಾಡಿದವನಿಲ್ಲ. ತಪ್ಪೆಲ್ಲ ಮೈಯದ್ದೇ ಎಂದಾಗುತ್ತದೆ. ವಿಕ್ಟರನಿಗೆ ಇದಕ್ಕಿಂತ ದೊಡ್ಡ ಖುಲಾಸೆ ಬೇಕಿಲ್ಲ.

ಇತ್ತೀಚೆಗೆ, 2022ರ ಸುಮಾರಿಗೆ, ನೆಕಾ ಎಂಬ ಕಂಪನಿ ಇದೇ ಕಲ್ಪನೆಯನ್ನು ದೊಡ್ಡವರಾದ ಸಂಗ್ರಾಹಕರಿಗಾಗಿ ಮತ್ತೆ ಮಾಡಿತು. ಏಳು ಅಂಗುಲದ, ನುಣುಪಾದ ಕೆಲಸಗಾರಿಕೆಯ, ಬೆಲೆ ಹೆಚ್ಚಿನ ಗೊಂಬೆಗಳು. ಚಿತ್ರಗಳಲ್ಲಿ ನೋಡಿದ್ದೇನೆ, ಕೈಯಲ್ಲಿ ಹಿಡಿದಿಲ್ಲ. ಪಾತ್ರಗಳು ಅದಲುಬದಲಾಗಿವೆ: ಮೈಕೆಲೇಂಜೆಲೋ ಮಮ್ಮಿಯಾಗಿದ್ದಾನೆ, ಸಿಡುಕಿನ ರಾಫೆಲ್ ಹೆಸರಿಲ್ಲದ ಜೀವಿಯಾಗಿದ್ದಾನೆ. ಹೆಸರನ್ನೂ ತಿದ್ದಿ ‘ಫ್ರಾಂಕೆನ್‌ಸ್ಟೈನ್’ ಬದಲು ‘ಫ್ರಾಂಕೆನ್‌ಸ್ಟೈನ್‌ನ ಮಾನ್‌ಸ್ಟರ್’ ಎಂದಿದ್ದಾರೆ. ಓದಿ ಬೆಳೆದವರಿಗಾಗಿ ಮಾಡಿದ್ದೆಂಬುದು ಇದರಲ್ಲೇ ಗೊತ್ತಾಗುತ್ತದೆ. ಸಿಟ್ಟಿನವನಿಗೆ ಸಿಟ್ಟಿನ ವೇಷ ಒಪ್ಪುತ್ತದೆ, ಆದರೆ ಅಷ್ಟು ಸಲೀಸಾಗಿ ಒಪ್ಪಿದ್ದರಿಂದಲೇ ಓದುವವರಿಗೆ ಅಲ್ಲಿ ಏನೂ ಉಳಿಯುವುದಿಲ್ಲ. 1993ರ ಒರಟು ಗೊಂಬೆಯಲ್ಲಿ ನಗುವವನ ಮೇಲೆ ಬಿದ್ದ ಅಳುವವನ ಮುಖ ನನಗೆ ಹೆಚ್ಚು ಕೊಟ್ಟಿತು.

ಈ ಹೊಸ ಸರಣಿಯಲ್ಲಿ ಅಪ್ಪನೂ ಇದ್ದಾನೆ. ಸ್ಪ್ಲಿಂಟರನಿಗೆ ಅವರು ಕೊಟ್ಟಿರುವುದು ವ್ಯಾನ್ ಹೆಲ್ಸಿಂಗ್‌ನ ವೇಷ: ‘ಡ್ರಾಕುಲಾ’ ಕತೆಯಲ್ಲಿ ಮಾನ್‌ಸ್ಟರ್‌ಗಳನ್ನು ಬೇಟೆಯಾಡುವ ವಿದ್ವಾಂಸ. ಮಕ್ಕಳೊಂದಿಗೆ ತಾನೂ ರೂಪ ಕಳೆದುಕೊಂಡು ಕತ್ತಲಲ್ಲಿ ಉಳಿದವನನ್ನು ಅವರ ಎದುರು ಬೇಟೆಗಾರನಾಗಿ ನಿಲ್ಲಿಸಿದ್ದಾರೆ. ಬೆಳ್ಳಿ ಹಿಡಿಯ ಕೋಲೆತ್ತಿದ ಟಾಲ್ಬಟ್‌ನ ಅಪ್ಪ ನೆನಪಾಗುತ್ತಾನೆ. ಕಪಾಟಿನ ಮೇಲೆ ಅಂದವಾಗಿ ಕಾಣಬಹುದು, ಆದರೆ ಕತೆಯ ಮಟ್ಟಿಗೆ ಈ ಒಂದು ವೇಷವನ್ನು ನಾನು ಒಪ್ಪಲಾರೆ. ಈ ನಾಲ್ವರಿಗೆ ಹೆಸರಿಟ್ಟವನು ಅವನು.